ಉಣುಗಿನ ವಿಷಯದಲ್ಲಿ ನಾನು ಗೆದ್ದ ವಾದ

ಹೋದ ವಾರ ಜಾವಳಿಯಲ್ಲಿ ನೆಂಟರ ಮನೆಯ ಮದುವೆ ಮುಗಿಸಿಕೊಂಡು ಬಸ್ಸಿಗಾಗಿ ರಸ್ತೆಯ ಬದಿ ನಿಂತಿದ್ದೆ. ಯುದ್ಧದ ದೆಸೆಯಿಂದ ಪೆಟ್ರೋಲು ಇಲ್ಲ. ಇದ್ದಿಲು ಗ್ಯಾಸಿನ ಬಸ್ಸು, ಬಂದಾಗ ಬಂತು. ಎದುರು ಮನೆಯ ಅಂಗಳದಲ್ಲಿ ಒಬ್ಬಾಕೆ ನಾಯಿಯನ್ನು ಮಗ್ಗುಲಿಗೆ ಮಲಗಿಸಿಕೊಂಡು ಅದರ ಕಿವಿಯಿಂದ ಉಣುಗು ಕಿತ್ತು ಹೆಂಚಿನ ತುಂಡಿನ ಮೇಲಿದ್ದ ಕೆಂಡಕ್ಕೆ ಹಾಕುತ್ತಿದ್ದಳು. ರಕ್ತ ಕುಡಿದು ಬಟಾಣಿಯಷ್ಟು ಊದಿದ ಉಣುಗು ಕೆಂಡಕ್ಕೆ ಬಿದ್ದರೆ ಚಟ್ಟೆಂದು ಒಡೆಯುತ್ತದೆ. ಕೂದಲು ಸುಟ್ಟಂಥ, ಆದರೆ ಅದಕ್ಕಿಂತ ಜಿಡ್ಡಾದ ಒಂದು ವಾಸನೆ ಏಳುತ್ತದೆ. ನನ್ನ ಪಕ್ಕ ನಿಂತಿದ್ದವರು ಪಂಚೆಯ ಚುಂಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಮುಚ್ಚಿಕೊಳ್ಳಬೇಕೆನಿಸಿದ್ದು ಮೂಗನ್ನಲ್ಲ, ಮುಖವನ್ನು.

ನಾನು ದೇವರನ್ನು ಒಪ್ಪುವವನಲ್ಲ, ಜಾತಕ ಒಪ್ಪುವವನಲ್ಲ. ಪಶ್ಚಾತ್ತಾಪ ಎಂಬುದು ಸೋಮಾರಿಗಳ ಕಾಲಹರಣ ಎಂದು ಕಾಲೇಜಿನ ಚರ್ಚಾಕೂಟದಲ್ಲಿ ಇಪ್ಪತ್ತು ನಿಮಿಷ ಮಾತಾಡಿ ಬೆಳ್ಳಿಯ ಲೋಟ ಗೆದ್ದವನು. ಆ ಲೋಟದಲ್ಲಿ ಈಗ ನನ್ನ ತಾಯಿ ಲೇಖನಿಗಳನ್ನು ಇಟ್ಟಿದ್ದಾಳೆ. ಅದಿರಲಿ. ಐದು ವರ್ಷದ ಹಿಂದಿನ ಒಂದು ಕಾಫಿ ಕುಯ್ಲಿನ ಬಗ್ಗೆ ಬರೆಯಬೇಕು. ಇಂಥದ್ದನ್ನು ಬರೆಯುವಾಗ ನಮ್ಮನ್ನು ನಾವೇ ಬೈದುಕೊಂಡು ಓದುಗರಿಂದ ಕ್ಷಮೆ ಗಿಟ್ಟಿಸುವ ಒಂದು ಚತುರ ಉಪಾಯ ಉಂಟು, ಅದೂ ನನಗೆ ಗೊತ್ತು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಇಡುತ್ತೇನೆ.

ಆ ವರ್ಷ, ಇಂಟರ್ ಮುಗಿದ ಮೇಲೆ, ಟೈಫಾಯಿಡ್ ಆಗಿ ನಾನು ಬಿ.ಎ.ಗೆ ಸೇರುವುದು ತಪ್ಪಿಹೋಗಿತ್ತು. ಮೂಡಿಗೆರೆಯಿಂದ ಕಳಸದ ದಿಕ್ಕಿಗೆ ಏಳು ಮೈಲಿ ಒಳಗೆ ನನ್ನ ಸೋದರಮಾವನ ತೋಟ. ಅಲ್ಲಿ ಲೆಕ್ಕ ಬರೆಯುತ್ತಿದ್ದ ರೈಟರು ಕುಯ್ಲಿಗೆ ಮುಂಚೆ ಕೆಲಸ ಬಿಟ್ಟಿದ್ದರು. ಗಾಳಿಯೂ ಬದಲಾದಂತಾಯಿತು, ನಾಲ್ಕು ಅಕ್ಷರ ಬರೆದಂತೆಯೂ ಆಯಿತು ಎಂದು ಮಾವ ನನ್ನನ್ನು ಕರೆಸಿಕೊಂಡರು. ಬೆಳಿಗ್ಗೆ ಹಾಜರಿ ಕರೆಯುವುದು, ಸಂಜೆ ಹಣ್ಣಿನ ಅಳತೆ ಬರೆಯುವುದು, ಮಧ್ಯೆ ಇಡೀ ಹಗಲು ಒಣಗಿಸುವ ಕಣದ ಬದಿ ಒಂದು ಮೇಜು ಹಾಕಿಕೊಂಡು ಕೂತಿರುವುದು, ಇಷ್ಟೇ ಕೆಲಸ. ಮಳೆ ಬಿಟ್ಟು ಒಂದು ತಿಂಗಳಾಗಿತ್ತು. ಬೆಳಿಗ್ಗೆ ಎಂಟರವರೆಗೆ ಮಂಜು, ಆಮೇಲೆ ಒಮ್ಮೆಲೇ ಚುರುಚುರು ಬಿಸಿಲು. ಹಣ್ಣು ಸುಲಿಯುವ ಪಲ್ಪರಿನಿಂದ ಹೊರಬಿದ್ದ ಸಿಪ್ಪೆಯ ಹುಳಿ ವಾಸನೆ ಅನ್ನದ ತಟ್ಟೆಯವರೆಗೂ ಬರುತ್ತಿತ್ತು.

ಕಣದ ಯಜಮಾನಿಕೆ ದ್ಯಾವಮ್ಮನದು. ಕೂಲಿಯಾಳುಗಳ ಲೈನು ಮನೆಯಲ್ಲಿದ್ದ ವಿಧವೆ, ಐವತ್ತರ ಮೇಲಿನ ವಯಸ್ಸು. ಗಂಡ ಚಳಿಜ್ವರದಲ್ಲಿ ಹೋಗಿದ್ದ, ಮಕ್ಕಳಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದು ಆಕೆಗೆ ಆಕಾರ ಕಾಣುತ್ತಿತ್ತು, ಬಣ್ಣ ತಿಳಿಯುತ್ತಿರಲಿಲ್ಲ. ಹಸಿರು ಕಾಯಿ ಯಾವುದು, ಕೆಂಪು ಹಣ್ಣು ಯಾವುದು ಗೊತ್ತಾಗದವಳನ್ನು ಹಣ್ಣು ಕುಯ್ಯಲು ಕಳಿಸುವಂತಿಲ್ಲ. ಆದರೆ ಕಣದಲ್ಲಿ ಆಕೆಗೆ ಕಣ್ಣೇ ಬೇಕಿರಲಿಲ್ಲ. ಸಿಪ್ಪೆ ಸುಲಿದು ತೊಳೆದು ಹರಡಿದ ಪಾರ್ಚ್‌ಮೆಂಟ್ ಕಾಫಿಯನ್ನು ಬರಿಗಾಲಿನಲ್ಲಿ ಸಾಲು ಸಾಲಾಗಿ ಎಳೆಯುತ್ತ, ಒಂದು ಬೀಜ ಕಚ್ಚಿ ನೋಡಿ ಇನ್ನೆರಡು ಬಿಸಿಲು ಬೇಕು ಎಂದರೆ ಎರಡೇ ಬಿಸಿಲು.

ಅವಳ ನಾಯಿ ಕೆಂಪಿ. ಹೆಸರಿಗೆ ತಕ್ಕ ಬಣ್ಣ, ಒಂದು ಕಿವಿಯ ತುದಿ ಹಂದಿಯ ಕೋರೆಗೆ ಹರಿದಿತ್ತು. ನಮ್ಮ ಕಡೆ ಕುಯ್ಲಿನ ಕಾಲದಲ್ಲಿ ಭಾನುವಾರ ಹಂದಿ ಬೇಟೆ ಇರುತ್ತದೆ. ಗದ್ದೆಯ ಪೈರು ಉಳಿಯಬೇಕಲ್ಲ. ಬೇಟೆ ಮುಗಿದ ಮೇಲೆ ಮಾಂಸವನ್ನು ಬಾಳೆ ಎಲೆಗಳ ಮೇಲೆ ಪಾಲು ಹಾಕುತ್ತಾರೆ. ಕೋವಿ ಹಿಡಿದವರಿಗೆ ಪಾಲು, ಕಾಡು ಸೋವಿ ಹಂದಿ ಎಬ್ಬಿಸಿದವರಿಗೆ ಪಾಲು. ಹಾಗೆಯೇ ಹಂದಿಯನ್ನು ಮೊದಲು ತಡೆದು ನಿಲ್ಲಿಸಿದ ನಾಯಿಗೂ ಒಂದು ಪಾಲು. ಅದನ್ನು ನಾಯಿಯ ಹೆಸರು ಹಿಡಿದೇ ಕೂಗಿ ಕೊಡುತ್ತಾರೆ, ನಾಯಿಯ ಒಡೆಯರು ಬಂದು ಎತ್ತಿಕೊಳ್ಳುತ್ತಾರೆ. ಗಂಡಸರೇ ತುಂಬಿದ ಆ ಜಾಗದಲ್ಲಿ ಬಂದು ನಿಲ್ಲುತ್ತಿದ್ದ ಒಬ್ಬಳೇ ಹೆಂಗಸು ದ್ಯಾವಮ್ಮ. ಮಾವ “ಕೆಂಪಿ ಪಾಲು” ಎಂದು ಕೂಗಿದಾಗ ಅವಳು ಅವಸರವಿಲ್ಲದೆ ಮುಂದೆ ಬರುತ್ತಿದ್ದಳು. ಜನ ದಾರಿ ಬಿಡುತ್ತಿದ್ದರು. ವರ್ಷವೆಲ್ಲ ಯಾರೂ ಅವಳಿಗೆ ಬಿಡದ ದಾರಿ ಅದು.

ಬೇಟೆಯ ಮರುದಿನ, ಸೋಮವಾರ ಬೆಳಿಗ್ಗೆ, ತೋಟದ ನಾಯಿಗಳೆಲ್ಲ ಅವಳ ಮನೆ ಮುಂದೆ ಸೇರುತ್ತಿದ್ದವು. ಲಂಟಾನ ಪೊದೆಯಲ್ಲಿ ಹೊಕ್ಕು ಬಂದ ನಾಯಿಗಳ ಮೈಯೆಲ್ಲ ಉಣುಗು. ಅವಳು ಒಂದೊಂದನ್ನೇ ಮಲಗಿಸಿ ಬೆರಳ ತುದಿಯಲ್ಲಿ ಹುಡುಕಿ ಹುಡುಕಿ ಕೀಳುತ್ತಿದ್ದಳು. ಕಣ್ಣಿದ್ದವರು ಬಿಟ್ಟದ್ದನ್ನು ಅವಳ ಬೆರಳು ಬಿಡುತ್ತಿರಲಿಲ್ಲ. ಆದರೆ ಇದರಿಂದ ಸೋಮವಾರ ಕಣದಲ್ಲಿ ಕಾಫಿ ಹರಡುವುದು ಅರ್ಧ ಗಂಟೆ ತಡವಾಗುತ್ತಿತ್ತು. ಮೇಸ್ತ್ರಿ ಶೇಷಪ್ಪ ಗೊಣಗುತ್ತಿದ್ದ. ಗೊಣಗಿದರೆ ಏನು ಬಂತು, ವಾದ ಮಾಡಿ ಮುಗಿಸಬೇಕು ಎಂದು ನಾನು ತೀರ್ಮಾನಿಸಿದೆ. ನನ್ನ ನಾಲಿಗೆಗೆ ಅಲ್ಲಿ ಬೇರೆ ಕೆಲಸವೂ ಇರಲಿಲ್ಲ.

ಒಂದು ಸೋಮವಾರ, ಹಾಜರಿಗೆ ಜನ ಸೇರಿದ್ದಾಗ, ಇದೇಕೆ ಮಾಡುತ್ತೀಯ ಎಂದು ಎಲ್ಲರೆದುರು ಅವಳನ್ನು ಕೇಳಿದೆ. ಉಣುಗು ಬಿಟ್ಟರೆ ನಾಯಿಗೆ ಜ್ವರ ಬರುತ್ತದೆ, ಉಚ್ಚೆ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಸಾಯುತ್ತದೆ ಎಂದಳು. ಬಣ್ಣ ತಿರುಗಿದ ದಿನವೇ ಮೂಡಿಗೆರೆಯ ದನದ ಡಾಕ್ಟರ ಹತ್ತಿರ ಒಯ್ದರೆ ಉಳಿಯುತ್ತದಂತೆ. ಆಚೆ ಗುಡ್ಡದ ದೊರೆಯ ತೋಟದ ಎರಡು ನಾಯಿ ನೀಲಿ ಮದ್ದು ಚುಚ್ಚಿಸಿಕೊಂಡು ಹಾಗೇ ಉಳಿದಿದ್ದವಂತೆ. ತಡವಾದರೆ ಆ ಮದ್ದೂ ಕೆಲಸಕ್ಕೆ ಬಾರದು.

ನಾನು ನಿಂತುಕೊಂಡೆ. ಕೂತು ವಾದ ಮಾಡುವ ಅಭ್ಯಾಸ ನನಗಿಲ್ಲ.

“ದ್ಯಾವಮ್ಮ, ಈ ತೋಟದಲ್ಲಿ ಉಣುಗು ಇಲ್ಲದ ನಾಯಿ ಒಂದಾದರೂ ಇದೆಯಾ?”

“ಎಲ್ಲಿಂದ ಬರ್ಬೇಕು ಅಯ್ಯಾ.”

“ಹೋದ ವರ್ಷ ಎಷ್ಟು ಸತ್ತವು?”

“ಎರಡು.”

“ಉಣುಗು ಎಲ್ಲಕ್ಕೂ ಇದೆ, ಸತ್ತದ್ದು ಎರಡೇ. ಉಣುಗೇ ಕೊಲ್ಲುತ್ತೆ ಅನ್ನೋದಾದರೆ ಉಳಿದವು ಯಾಕೆ ಸಾಯಲಿಲ್ಲ?”

ಅವಳು ಹೇಳಿದಳು: “ಎಲ್ಲ ಮೋಡನೂ ಮಳೆ ಹೊಯ್ಯಲ್ಲ ಅಯ್ಯಾ. ಹಂಗಂತ ಮಳೆ ಮೋಡದಿಂದ ಬರಲ್ಲ ಅನ್ನಕ್ಕಾಗುತ್ತಾ?”

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ವಾದ ಇಲ್ಲಿಗೆ ಮುಗಿದಿತ್ತು. ಅವಳು ಗೆದ್ದಿದ್ದಳು. ನನ್ನ ತರ್ಕದ ತೂತಿಗೆ ಸರಿಯಾಗಿ ಬೆರಳಿಟ್ಟಿದ್ದಳು, ಅದು ನನಗೆ ಆಗಲೇ ಗೊತ್ತಾಯಿತು. ಆದರೆ ಉತ್ತರ ಇಲ್ಲದಾಗ ಸಭೆಯನ್ನು ನಗಿಸಬೇಕು ಎಂಬುದನ್ನೂ ನಾನು ಕಲಿತಿದ್ದೆ.

“ಮೋಡದ ವಿಷಯ ಮೋಡವನ್ನೇ ಕೇಳೋಣ, ನಾನು ಕೇಳಿದ್ದು ನಾಯಿ ವಿಷಯ” ಎಂದೆ. ಶೇಷಪ್ಪ ನಕ್ಕ. ಅವನು ನಕ್ಕದ್ದಕ್ಕೆ ಎಲ್ಲರೂ ನಕ್ಕರು.

ಅಷ್ಟಕ್ಕೇ ಬಿಡಬಹುದಿತ್ತು. ನಾನು ವಿಜ್ಞಾನ ಎಂಬ ಮಾತನ್ನು ಎಳೆದು ತಂದೆ. ಪರೀಕ್ಷೆ ಮಾಡೋಣ, ಕುಯ್ಲು ಮುಗಿಯುವವರೆಗೆ ಯಾವ ನಾಯಿಯ ಉಣುಗನ್ನೂ ಕೀಳಬಾರದು, ಯಾವುದಾದರೂ ನಾಯಿ ಕಾಫಿ ಬಣ್ಣದ ಉಚ್ಚೆ ಹೊಯ್ದರೆ ನಾನು ಸೋತೆನೆಂದು ಇದೇ ಜನರೆದುರು ಒಪ್ಪಿಕೊಳ್ಳುತ್ತೇನೆ ಎಂದೆ. ಅವಳು ಒಪ್ಪದಿದ್ದರೆ ಕಣಕ್ಕೆ ಬೇರೆಯವರನ್ನು ಹಾಕಬೇಕಾಗುತ್ತದೆ ಎಂದು ಶೇಷಪ್ಪ ನಡುವೆ ಸೇರಿಸಿದ. ಅವನ ಮಾತನ್ನು ನಾನು ಕೇಳಿಸಿಕೊಂಡೆ, ಅಲ್ಲಗಳೆಯಲಿಲ್ಲ. ಅವಳು ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದು ಕರೆದೆ.

“ಆಗ್ಲಿ ಅಯ್ಯಾ. ಆದ್ರೆ ಬಣ್ಣ ನಂಗೆ ಕಾಣಲ್ಲ. ನೀವೇ ನೋಡಿ ಹೇಳ್ಬೇಕು” ಎಂದಳು ದ್ಯಾವಮ್ಮ.

ಎದುರಾಳಿಯ ಕೈಗೇ ಸಾಕ್ಷಿಯನ್ನು ಒಪ್ಪಿಸಿದವರನ್ನು ನಾನು ಅವತ್ತಿನವರೆಗೆ ಕಂಡಿರಲಿಲ್ಲ. ಹಳ್ಳಿಯವರ ದಡ್ಡತನ ಎಂದುಕೊಂಡೆ.

ಮುಂದಿನ ಎರಡು ವಾರ ಕಣದಲ್ಲಿ ಕಾಫಿ ಹರಡುವುದು ಹೊತ್ತಿಗೆ ಸರಿಯಾಗಿ ನಡೆಯಿತು. ಮಾವ ಸಂತೋಷಪಟ್ಟರು. ಕೆಂಪಿ ಹಗಲೆಲ್ಲ ನನ್ನ ಮೇಜಿನ ಕೆಳಗೆ, ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗುತ್ತಿತ್ತು. ಮಧ್ಯಾಹ್ನ ದ್ಯಾವಮ್ಮ ನೆರಳಿಗೆ ಬಂದು ಕೂತಾಗ ಅದರ ಬೆನ್ನು ಸವರುತ್ತಿದ್ದಳು. ಸವರುವ ಬೆರಳು ನಡುವೆ ಎಲ್ಲೋ ಥಟ್ಟನೆ ನಿಲ್ಲುತ್ತಿತ್ತು. ಒಂದು ಗಳಿಗೆ ಅಲ್ಲೇ ಇದ್ದು, ಎದ್ದು, ಅದನ್ನು ದಾಟಿ ಮುಂದೆ ಹೋಗುತ್ತಿತ್ತು. ಹತ್ತಾರು ಸಲ ಹೀಗೆ. ಒಮ್ಮೆಯೂ ಕೀಳಲಿಲ್ಲ. ಜನರೆದುರು ಮಾತು ಕೊಟ್ಟಿದ್ದಳು. ಆ ಬೆರಳುಗಳನ್ನು ನೋಡುತ್ತ ನಾನು ಸೋಲೊಪ್ಪುತ್ತಿರುವ ಎದುರಾಳಿಯನ್ನು ನೋಡುವ ಹಾಗೆ ನೋಡುತ್ತಿದ್ದೆ.

ಮೂರನೆಯ ಸೋಮವಾರ ನಾನು ಎಲ್ಲರಿಗಿಂತ ಮೊದಲು ಕಣಕ್ಕೆ ಬಂದೆ. ಮಂಜು ಇನ್ನೂ ಇತ್ತು. ಹಿಂದಿನ ದಿನದ ಬೇಟೆಯಲ್ಲಿ ಕೆಂಪಿ ಎಂದಿನಂತೆ ಮುಂದೆ ನುಗ್ಗಿರಲಿಲ್ಲ, ಪಾಲು ಬೇರೆ ನಾಯಿಗೆ ಹೋಗಿತ್ತು. ನಾನು ಮೇಜು ಒರೆಸುತ್ತಿದ್ದಾಗ ಅದು ನಿಧಾನವಾಗಿ ಬಂದು ಕಣದ ಅಂಚಿನಲ್ಲಿ ಕುಕ್ಕರಿಸಿತು. ಸಾರಿಸಿದ ನೆಲದ ಮೇಲೆ ಹರಿದದ್ದು ಡಿಕಾಕ್ಷನ್ನಿನ ಬಣ್ಣದ್ದು. ಸಂದೇಹಪಡಲು ಎಡೆಯಿರಲಿಲ್ಲ. ಸಂದೇಹಪಡುವುದೇ ಕಸುಬಾದ ನನಗೂ ಇರಲಿಲ್ಲ.

ಸುತ್ತ ನೋಡಿದೆ. ಯಾರೂ ಇಲ್ಲ. ಪಲ್ಪರಿನ ತೊಟ್ಟಿಯಿಂದ ಒಂದು ಕೊಡ ನೀರು ತಂದು ಸುರಿದೆ. ಸಾಲದೆ ಇನ್ನೊಂದು ಕೊಡ ತಂದೆ.

ಸಿಪ್ಪೆಯ ನೀರು ನೆಕ್ಕಿರಬೇಕು, ಅದಕ್ಕೇ ಆ ಬಣ್ಣ, ಒಂದೇ ಸಲದ ನೋಟ ಪುರಾವೆಯಲ್ಲ, ನಾಳೆ ನೋಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ಇವು ಒಳ್ಳೆಯ ವಾದಗಳು. ಆದರೆ ಇವುಗಳನ್ನು ನಂಬಿದವನು ಎರಡನೆಯ ಕೊಡ ನೀರು ತರುವುದಿಲ್ಲ. ನನ್ನ ಕಣ್ಣೆದುರು ಇದ್ದದ್ದು ನಾಯಿಯಲ್ಲ, ಹಾಜರಿಗೆ ಸೇರುವ ಅರವತ್ತು ಮುಖಗಳು. ಅವರೆದುರು ಎದ್ದು ನಿಂತು, ಓದುಬರಹವಿಲ್ಲದ ಹೆಂಗಸಿಗೆ ನಾನು ಸೋತೆ ಎನ್ನಬೇಕಿತ್ತು.

ಹಾಜರಿ ಮುಗಿದ ಮೇಲೆ ದ್ಯಾವಮ್ಮ ಬಂದಳು. ರಾತ್ರಿಯಿಂದ ಕೆಂಪಿ ಅನ್ನ ಮುಟ್ಟಿಲ್ಲ ಎಂದಳು. ಬೇಟೆಯ ಆಯಾಸ ಇರಬೇಕು ಎಂದೆ.

“ಉಚ್ಚೆ ಹೊಯ್ತಾ ಅಯ್ಯಾ, ನೀವು ನೋಡಿದ್ರಾ?”

“ನೋಡಿದೆ.”

“ಹೆಂಗಿತ್ತು?”

“ಸರಿಯಾಗೇ ಇತ್ತು.”

ಅವಳು ನಿಟ್ಟುಸಿರು ಬಿಟ್ಟು, ಹಾಗಾದರೆ ಸರಿ, ಎಂದು ಕಾಫಿ ಎಳೆಯಲು ಹೋದಳು. ಆ ನಿಟ್ಟುಸಿರು ಎಷ್ಟು ಹಗುರವಾಗಿತ್ತೆಂದರೆ ನನಗೂ ಒಂದು ಕ್ಷಣ ಹಗುರವಾಯಿತು.

ಮಂಗಳವಾರ ಕೇಳಿದಳು, ಅದೇ ಉತ್ತರ ಕೊಟ್ಟೆ. ಬುಧವಾರ ಅವಳು ಕೇಳುವ ಮೊದಲೇ ಹೇಳಿದೆ. ಕೆಂಪಿ ಮೇಜಿನ ಕೆಳಗೆ ಬರುವುದನ್ನು ಬಿಟ್ಟು ಪಲ್ಪರಿನ ಸಿಪ್ಪೆಯ ರಾಶಿಯ ಮೇಲೆ, ಬಿಸಿ ಇರುವ ಕಡೆ ಮಲಗಿ ನಡುಗುತ್ತಿತ್ತು. ಅದರ ತುಟಿ ಎತ್ತಿ ನೋಡಿದೆ, ವಸಡು ಸುಣ್ಣದಂತೆ ಬೆಳ್ಳಗಿತ್ತು. ಆ ದಿನ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಆದರೆ ಈಗ ಹೇಳಿದರೆ ಸೋಮವಾರ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದಲ್ಲ. ಮೊದಲ ದಿನ ಮುಚ್ಚಿಟ್ಟದ್ದು ಸೋಲನ್ನು. ಆಮೇಲಿನ ದಿನಗಳಲ್ಲಿ ಮುಚ್ಚಿಟ್ಟದ್ದು ಮುಚ್ಚಿಟ್ಟದ್ದನ್ನು.

ಗುರುವಾರ ಶೇಷಪ್ಪ ಏನೋ ಕೆಲಸಕ್ಕೆ ಕಣಕ್ಕೆ ಬಂದವನು ನಾಯಿಯ ಕಣ್ಣು ನೋಡಿ, ಇದೇನು ದ್ಯಾವಮ್ಮ, ಅರಿಶಿನ ಅರೆದು ಬಿಟ್ಟ ಹಾಗಿದೆ, ಎಂದ. ಅವಳು ಕೈಯಲ್ಲಿದ್ದ, ಕಾಫಿ ಗುಡ್ಡೆ ಮಾಡುವ ಹಲಗೆಯನ್ನು ಅಲ್ಲೇ ಬಿಟ್ಟಳು.

ಗೋಣಿಯನ್ನು ಬಿದಿರ ಗಳಕ್ಕೆ ಜೋಲಿ ಕಟ್ಟಿ ಕೆಂಪಿಯನ್ನು ಮಲಗಿಸಿದರು. ಒಂದು ತುದಿಗೆ ಲೈನಿನ ಒಬ್ಬ ಆಳು ಹೆಗಲು ಕೊಟ್ಟ. ಇನ್ನೊಂದಕ್ಕೆ ನಾನೇ ಹೋದೆ. ತೋಟದ ರೈಟರು ನಾಯಿ ಹೊರುವುದೇ ಎಂದು ಜನ ಮೆಚ್ಚಿದರು, ಮಾವನೂ ಮೆಚ್ಚಿದರು. ಏಳು ಮೈಲಿ. ದ್ಯಾವಮ್ಮ ಪಕ್ಕದಲ್ಲಿ ಜೋಲಿಯ ಮೇಲೆ ಒಂದು ಕೈ ಇಟ್ಟುಕೊಂಡು ನಡೆದಳು. ಆ ಕೈ ಅವಳಿಗೆ ದಾರಿ ಸಿಗಲೆಂದೋ, ನಾಯಿಗೆ ಧೈರ್ಯ ಬರಲೆಂದೋ, ತಿಳಿಯಲಿಲ್ಲ.

ದನದ ಡಾಕ್ಟರು ಮದ್ರಾಸಿನ ಕಡೆಯವರು, ಕನ್ನಡ ಅಷ್ಟಕ್ಕಷ್ಟೇ. ನನ್ನ ಶರಟು ನೋಡಿ ಇಂಗ್ಲಿಷಿನಲ್ಲೇ ಮಾತಾಡಿದರು. ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ನನ್ನನ್ನೂ ನೋಡಲು ಕರೆದರು. ದುಂಡನೆಯ ಕೆಂಪು ಕಣಗಳು. ಅವುಗಳ ಒಳಗೆ ಎರಡೆರಡಾಗಿ ಮೂತಿ ತಾಗಿಸಿಕೊಂಡ ಸಣ್ಣ ಪೇರಳೆಯಂಥ ಜೀವಿಗಳು. ಉಣುಗು ಕಚ್ಚಿದಾಗ ಒಳಗೆ ಸೇರುತ್ತವೆ, ರಕ್ತದ ಕಣ ಒಡೆಯುತ್ತವೆ, ಒಡೆದದ್ದು ಉಚ್ಚೆಯಲ್ಲಿ ಬರುತ್ತದೆ ಎಂದು ವಿವರಿಸಿದರು. ನಾನು ಅಲ್ಲಿಯೂ ಬಿಡಲಿಲ್ಲ. ಹಾಗಾದರೆ ಎಲ್ಲ ನಾಯಿಗೂ ಯಾಕೆ ಬರುವುದಿಲ್ಲ ಎಂದು ಕೇಳಿದೆ. ಎಲ್ಲ ಉಣುಗಿನಲ್ಲೂ ಈ ಜೀವಿ ಇರುವುದಿಲ್ಲ, ಇರುವಂಥದ್ದು ಒಂದು ಕಚ್ಚಿದರೆ ಸಾಕು ಎಂದರು. ಕಣದಲ್ಲಿ ಅವಳು ಹೇಳಿದ್ದೂ ಇದನ್ನೇ. ಇವರು ಹೇಳಿದಾಗ ನಗಿಸಲು ಅಲ್ಲಿ ಸಭೆ ಇರಲಿಲ್ಲ.

ಉಚ್ಚೆ ಯಾವಾಗ ಬಣ್ಣ ತಿರುಗಿತು ಎಂದು ಕೇಳಿದರು. ನಾನು ಇಂಗ್ಲಿಷಿನಲ್ಲಿ, ಇವತ್ತು ಬೆಳಿಗ್ಗೆ, ಎಂದೆ. ಅವರ ಮುಖ ಅರಳಿತು. ಹಾಗಿದ್ದರೆ ಉಳಿಯಬಹುದು ಎಂದು ನೀಲಿ ಮದ್ದನ್ನು ಸೂಜಿಗೆ ಎಳೆದರು.

ದ್ಯಾವಮ್ಮ ಬಾಗಿಲಲ್ಲಿ ನಿಂತಿದ್ದಳು. ಏನಂದರು ಎಂದು ಕೇಳಿದಳು. “ಜ್ವರ ಅಂತೆ. ಉಳಿಯುತ್ತೆ ಅಂದ್ರು” ಎಂದೆ. ಇಂಗ್ಲಿಷು ಬಲ್ಲವನು ನಾನೊಬ್ಬನೇ. ಉಣುಗಿನ ಮಾತನ್ನು ಭಾಷಾಂತರಿಸಲಿಲ್ಲ.

ಕೆಂಪಿ ಮರುದಿನ ಮಧ್ಯಾಹ್ನ ಸತ್ತಿತು. ಆ ಹೊತ್ತಿಗೆ ಅದರ ಬೆಳ್ಳನೆಯ ವಸಡು, ಕಣ್ಣಿನ ಬಿಳಿ, ಎಲ್ಲ ಆ ಮದ್ದಿನ ನೀಲಿಗೆ ತಿರುಗಿತ್ತು. ನೋಡಿದವರು ಹೆದರಿದರು. ದ್ಯಾವಮ್ಮನಿಗೆ ಅದು ಕಾಣಲಿಲ್ಲ. ಅವಳು ಮೈಯೆಲ್ಲ ತಡವಿ ತಡವಿ, ಅಂಟಿಕೊಂಡಿದ್ದ ಉಣುಗುಗಳನ್ನು ಒಂದೂ ಉಳಿಯದಂತೆ ಕಿತ್ತಳು. ಆಮೇಲೆ ಹೂಳಲು ಕೊಟ್ಟಳು.

ಭಾನುವಾರ ಬೇಟೆಗೆ ಒಂದು ಹಂದಿ ಸಿಕ್ಕಿತು. ಆ ಕುಯ್ಲಿನಲ್ಲಿ ತೀರಿಹೋದ ನಾಯಿಗೆ ಒಂದು ಕೊನೆಯ ಪಾಲು ಕೊಡುವುದು ನಮ್ಮಲ್ಲಿ ಉಂಟು. ಮಾವ ಎಂದಿನಂತೆ ಹೆಸರು ಕೂಗಿದರು. ದ್ಯಾವಮ್ಮ ಮುಂದೆ ಬಂದಳು. ಪಾಲು ಎತ್ತಿಕೊಳ್ಳುವ ಮೊದಲು ಮಾವನಿಗೆ ಕೈಮುಗಿದು, ಒಂದು ಮಾತಿದೆ ಎಂದಳು.

“ರೈಟ್ರಯ್ಯ ಹೇಳಿದ್ದೇ ಸರಿ ಕಾಣುತ್ತೆ. ಮೂರು ದಿನ ಇವ್ಳ ಉಚ್ಚೆ ಸರಿಯಾಗೇ ಇತ್ತಂತೆ, ಅವ್ರೇ ನೋಡಿದ್ರು. ಉಣುಗಿನ ಕಾಯಿಲೆ ಆಗಿದ್ರೆ ಮೊದಲು ಅದೇ ತಿರುಗ್ಬೇಕಿತ್ತು. ಇಷ್ಟು ವರ್ಷ ನಾನು ಸುಮ್ನೆ ಕಿತ್ತೆ. ಮಾತು ಮಾತೇ ಅಲ್ವಾ, ಅದಕ್ಕೆ ಎಲ್ಲರ ಮುಂದೆ ಹೇಳಿದೆ.”

ಮಾತಿಗೆ ಕಟ್ಟುಬಿದ್ದು ಸೋಲನ್ನು ಒಪ್ಪುವುದು ಹೇಗೆಂದು ನನ್ನ ಚರ್ಚಾಕೂಟದಲ್ಲಿ ಯಾರೂ ಕಲಿಸಿರಲಿಲ್ಲ. ಜನ ನನ್ನ ಕಡೆ ನೋಡಿದರು. ಕೆಲವರು ಮೆಚ್ಚಿ ತಲೆದೂಗಿದರು. ನನ್ನ ಕಾಲುಗಳು ನನ್ನನ್ನು ಮುಂದೆ ತಂದವು. ಧೈರ್ಯ ಎಂದು ದಯವಿಟ್ಟು ಕರೆಯಬೇಡಿ, ಆ ಗೆಲುವನ್ನು ಹೊತ್ತು ನಿಲ್ಲಲು ಆಗಲಿಲ್ಲ, ಅಷ್ಟೇ.

ಇಲ್ಲ, ದ್ಯಾವಮ್ಮ ಹೇಳಿದ್ದೇ ಸರಿ, ಉಣುಗಿನಿಂದಲೇ ಬಂದದ್ದು, ಡಾಕ್ಟರು ರಕ್ತದಲ್ಲಿ ತೋರಿಸಿದರು, ಉಚ್ಚೆ ಮೊದಲೇ ತಿರುಗಿತ್ತು, ನಾನು ನೋಡಿಯೂ ಹೇಳಲಿಲ್ಲ, ನಾಯಿಗಳ ಉಣುಗು ಕೀಳುವುದನ್ನು ಬಿಡಬೇಡಿ ಎಂದು ಒಂದೇ ಉಸಿರಿಗೆ ಹೇಳಿದೆ. ಹೇಳಿದ ಧಾಟಿ ಮಾತ್ರ ನನ್ನದೇ. ಕೈ ಎತ್ತಿ, ಒಂದೊಂದು ಅಂಶಕ್ಕೂ ಒಂದೊಂದು ಬೆರಳು ಮಡಿಸುತ್ತ, ವೇದಿಕೆಯ ಮೇಲಿದ್ದ ಹಾಗೆ. ಬೇರೆ ರೀತಿಯಲ್ಲಿ ಮಾತಾಡಲು ನನಗೆ ಬರುತ್ತಿರಲಿಲ್ಲ.

ಶೇಷಪ್ಪ ನಗಲು ಶುರುಮಾಡಿದ. “ನೋಡ್ರಿ ಇವ್ರನ್ನ. ಗೆದ್ದಿದ್ದು ಸಾಲದು ಅಂತ ಸೋತವರ ಕಡೆಯಿಂದಾನೂ ವಾದ ಮಾಡ್ತಾರೆ ಮಾರಾಯ್ರೆ.” ಜನರೂ ನಕ್ಕರು. ಮುದುಕಿಯನ್ನು ಸಮಾಧಾನ ಮಾಡಲು ಹೇಳುತ್ತಿದ್ದಾನೆ, ಹುಡುಗನ ಮನಸ್ಸು ಒಳ್ಳೆಯದು ಎಂದು ಮಾವ ಪಕ್ಕದವರಿಗೆ ಹೇಳಿದ್ದು ಕೇಳಿಸಿತು.

ನಗದೆ ಇದ್ದವಳು ದ್ಯಾವಮ್ಮ ಒಬ್ಬಳೇ. ಅವಳು ನನ್ನ ದನಿ ಹಿಡಿದು ಹತ್ತಿರ ಬಂದಳು. ಆ ಪೊರೆಯ ಕಣ್ಣುಗಳು ನನ್ನ ಮುಖದ ಮೇಲಲ್ಲ, ಎದೆಯ ಮಟ್ಟದಲ್ಲಿ ಎಲ್ಲೋ ನಿಂತವು.

“ಯಾವತ್ತು ತಿರುಗಿದ್ದು ಅಯ್ಯಾ?” ಎಂದು ಮೆಲ್ಲನೆ ಕೇಳಿದಳು.

“ಸೋಮವಾರ.”

“ಸೋಮವಾರ ಪಾರ್ಚ್‌ಮೆಂಟ್ ಗಾಡಿಗಳು ಹೋದ್ವಲ್ಲ, ಮೂಡಿಗೆರೆ ಮೇಲೆ. ಕಡೇ ಗಾಡೀಲಿ ಇವ್ಳಿಗೆ ಜಾಗ ಇತ್ತು.”

ಬೈಗುಳವಲ್ಲ, ದೂರೂ ಅಲ್ಲ. ಇದ್ದದ್ದನ್ನು ಹೇಳಿದಳು. ಆಮೇಲೆ ಬಾಗಿ, ಎಲೆಯ ಅಂಚನ್ನು ಬೆರಳಿನಿಂದ ಹುಡುಕಿ, ಪಾಲನ್ನು ಮಡಚಿ ಎತ್ತಿಕೊಂಡು ಲೈನಿನ ಕಡೆ ನಡೆದಳು. ಜನ ದಾರಿ ಬಿಟ್ಟರು.

ಶೇಷಪ್ಪ ನಗು ಒರೆಸಿಕೊಳ್ಳುತ್ತ ನನ್ನ ಪಕ್ಕಕ್ಕೆ ಬಂದು, ಏನಂದಳು ರೈಟ್ರೇ, ಎಂದು ಕೇಳಿದ.

ಏನಿಲ್ಲ, ಎಂದೆ.